ಕಾರ್ಡು ನೀವೇ ಮಾಡಿ

ಮಕ್ಕಳೇ, ಸಂಕ್ರಾಂತಿಯ ದಿನ ನೀವೆಲ್ಲ ಎಳ್ಳು-ಬೆಲ್ಲ ಹಂಚುತ್ತೀರಿ, ಅಲ್ಲವೇ? ಹೊಸ ಬಟ್ಟೆ ತೊಟ್ಟು ಓಣಿಯ ಮನೆಮನೆಗೂ ಹೋಗುತ್ತೀರಿ. ಹಿರಿಯರ ಕೈಯಲ್ಲಿ ನಾಲ್ಕು ಕುಸುರೆಳ್ಳು ಇಟ್ಟು ನಮಸ್ಕಾರ ಮಾಡುತ್ತೀರಿ. ಒಂದು ಮನೆಯಲ್ಲಿ ಕನ್ನಡದಲ್ಲಿ ಮಾತಾಡುತ್ತೀರಿ, ಪಕ್ಕದ ಮನೆಯಲ್ಲಿ ಮರಾಠಿಯಲ್ಲಿ ಮಾತಾಡುತ್ತೀರಿ. ಅದರಲ್ಲಿ ನಿಮಗೆ ಕಷ್ಟವೇನೂ ಇಲ್ಲ.

ಓಣಿಯವರಿಗೆ ಎಳ್ಳು-ಬೆಲ್ಲ ಕೊಟ್ಟಾಯಿತು. ದೂರದ ಊರಿನಲ್ಲಿ ಇರುವವರಿಗೆ? ಇಂಡಿಯಲ್ಲಿರುವ ಸೋದರತ್ತೆಗೆ, ಆಳಂದದಲ್ಲಿರುವ ಅಜ್ಜಿಗೆ, ಕೆಲಸಕ್ಕೆಂದು ಪುಣೆಗೆ ಹೋದ ಕಾಕಾನಿಗೆ ಏನು ಕೊಡುತ್ತೀರಿ?

"ಅಪ್ಪನ ಮೊಬೈಲಿನಿಂದ ಒಂದು ಚಿತ್ರ ಕಳುಹಿಸುತ್ತೇವೆ" ಎಂದು ನೀವು ಹೇಳಬಹುದು. ಅದು ಸುಲಭ. ಬೆರಳು ಒತ್ತಿದರೆ ಸಾಕು, ಒಂದೇ ಚಿತ್ರ ಐವತ್ತು ಜನರಿಗೆ ಹೋಗುತ್ತದೆ. ಆ ಐವತ್ತು ಜನರಲ್ಲಿ ನಿಮ್ಮ ಅಜ್ಜಿಯೂ ಒಬ್ಬರು. ಆದರೆ ಆ ಚಿತ್ರವನ್ನು ಬರೆದವರು ಯಾರು? ಅಜ್ಜಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ನನ್ನ ಅಭಿಪ್ರಾಯ ಹೀಗಿದೆ. ವರ್ಷಕ್ಕೆ ಒಮ್ಮೆಯಾದರೂ, ಒಬ್ಬರಿಗಾದರೂ ನೀವು ನಿಮ್ಮ ಕೈಯಿಂದಲೇ ಮಾಡಿದ ಶುಭಾಶಯದ ಕಾರ್ಡು ಕಳುಹಿಸಬೇಕು. ಅದರ ಒಳಗೆ ಕನ್ನಡದ ಅಕ್ಷರ ಇರಬೇಕು. ಏಕೆ ಎಂದು ಹೇಳುತ್ತೇನೆ. ಹೇಗೆ ಎಂಬುದನ್ನೂ ಹೇಳುತ್ತೇನೆ. ಹೇಗೆ ಎಂದು ತಿಳಿಸದೆ ಬರೀ "ಮಾಡಿ, ಮಾಡಿ" ಎಂದರೆ ಯಾರು ತಾನೇ ಮಾಡುತ್ತಾರೆ?

ಮೊದಲು ಒಂದು ಸಂಗತಿ ಕೇಳಿ. ಇಂಗ್ಲೆಂಡಿನ ಲಂಡನ್ ಪಟ್ಟಣದಲ್ಲಿ ಹೆನ್ರಿ ಕೋಲ್ ಎಂಬ ಒಬ್ಬ ಅಧಿಕಾರಿ ಇದ್ದರು. ಕ್ರಿಸ್‌ಮಸ್ ಹಬ್ಬ ಬಂತೆಂದರೆ ಅವರಿಗೆ ರಾಶಿ ಪತ್ರಗಳು ಬರುತ್ತಿದ್ದವು. ಎಲ್ಲಕ್ಕೂ ಉತ್ತರ ಬರೆಯಲು ಅವರಿಗೆ ಪುರುಸೊತ್ತಿರಲಿಲ್ಲ. 1843ರಲ್ಲಿ ಅವರು ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಯಿಸಿದರು. ಅದನ್ನು ಶುಭಾಶಯದ ಮಾತಿನೊಂದಿಗೆ ಅಚ್ಚು ಹಾಕಿಸಿದರು. ಕಳುಹಿಸುವವರು ಹೆಸರು ಬರೆದರೆ ಸಾಕು! ಕ್ರಿಸ್‌ಮಸ್ಸಿಗೆಂದು ಅಚ್ಚಾದ ಮೊದಲ ಕಾರ್ಡು ಅದೇ. ಆಗ ಬಣ್ಣದ ಅಚ್ಚು ಸುಲಭವಾಗಿರಲಿಲ್ಲ. ಆದ್ದರಿಂದ ಅಚ್ಚಾದ ಕಾರ್ಡುಗಳಿಗೆ ಒಂದೊಂದಾಗಿ ಕೈಯಿಂದಲೇ ಬಣ್ಣ ತುಂಬಿದರು.

ಅಂದರೆ, ಸಿದ್ಧ ಕಾರ್ಡು ಹುಟ್ಟಿದ್ದು ಪುರುಸೊತ್ತಿಲ್ಲದ ಒಬ್ಬ ದೊಡ್ಡವರಿಗಾಗಿ. ನಿಮಗೆ ಪುರುಸೊತ್ತಿದೆ. ಸಂಕ್ರಾಂತಿಗೆ ಮುಂಚೆ ಒಂದು ಭಾನುವಾರ ಸಾಕು.

ನಾನು ಚಿಕ್ಕವನಿದ್ದಾಗ ಸಂಕ್ರಾಂತಿ ಬಂದರೆ ಪುಸ್ತಕದ ಅಂಗಡಿಗಳಲ್ಲಿ ಹಗ್ಗ ಕಟ್ಟಿ ಕಾರ್ಡುಗಳನ್ನು ತೂಗುಹಾಕುತ್ತಿದ್ದರು. ನೋಡಲು ಚೆಂದ. ಕೆಂಪು ಗುಲಾಬಿ, ಹಿಮ ಮುಚ್ಚಿದ ಬೆಟ್ಟ, ಕೊಳದಲ್ಲಿ ಎರಡು ಹಂಸ. ನಮ್ಮ ಕಡೆ ಹಿಮ ಎಲ್ಲಿದೆ? ಹಂಸವನ್ನು ನಾನು ಇವತ್ತಿನ ತನಕ ಕಣ್ಣಾರೆ ಕಂಡಿಲ್ಲ. ಅವುಗಳ ಮೇಲೆ ಇಂಗ್ಲಿಷಿನ ಅಕ್ಷರ ಇರುತ್ತಿತ್ತು, ಇಲ್ಲವೇ ಮರಾಠಿಯ ಅಕ್ಷರ. ಹಗ್ಗದ ಈ ತುದಿಯಿಂದ ಆ ತುದಿಯ ತನಕ ಹುಡುಕಿದರೂ ನನಗೆ ಕನ್ನಡದ ಕಾರ್ಡು ಸಿಗುತ್ತಿರಲಿಲ್ಲ. ಅಂಗಡಿಯವರ ತಪ್ಪೇನೂ ಇಲ್ಲ. ಹೆಚ್ಚು ಜನ ಕೇಳುವುದನ್ನು ಅವರು ತರುತ್ತಾರೆ. ಆದರೆ ನಮ್ಮ ಅತ್ತೆಗೆ ಓದಲು ಬರುತ್ತಿದ್ದದ್ದು ಕನ್ನಡ ಒಂದೇ. ಓದಲು ಬಾರದ ಕಾರ್ಡನ್ನು ಅವರಿಗೆ ಹೇಗೆ ಕೊಡುವುದು?

ನೀವೂ ಒಮ್ಮೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಎದ್ದು ಶಾಲೆಗೆ ಬರುವಾಗ ದಾರಿಯಲ್ಲಿ ಎಷ್ಟು ಕನ್ನಡ ಅಕ್ಷರ ಕಾಣುತ್ತವೆ? ಬಸ್ಸಿನ ಬೋರ್ಡು ಮರಾಠಿ. ಅಂಗಡಿಯ ಬೋರ್ಡು ಮರಾಠಿ ಅಥವಾ ಇಂಗ್ಲಿಷ್. ಕನ್ನಡ ಕಾಣುವುದು ಹೆಚ್ಚಾಗಿ ನಿಮ್ಮ ಪಾಠದ ಪುಸ್ತಕದಲ್ಲಿ, ಶಾಲೆಯ ಹಲಗೆಯ ಮೇಲೆ. ನೀವು ಬರೆಯುವ ಕನ್ನಡ ಎಲ್ಲಿಗೆ ಹೋಗುತ್ತದೆ? ನೋಟುಬುಕ್ಕಿಗೆ ಹೋಗುತ್ತದೆ, ಅಲ್ಲಿ ಕೆಂಪು ಗುರುತು ಬೀಳುತ್ತದೆ, ವರ್ಷ ಮುಗಿದ ಮೇಲೆ ರದ್ದಿಗೆ ಹೋಗುತ್ತದೆ. ಒಂದು ಕಾರ್ಡಾದರೂ ಮನೆಯ ಹೊಸಿಲು ದಾಟಿ ಇನ್ನೊಬ್ಬರ ಕೈ ಸೇರಲಿ ಎಂಬುದು ನನ್ನ ಆಸೆ. ಅದಕ್ಕೆ ಅಂಕ ಕೊಡುವವರು ಯಾರೂ ಇರುವುದಿಲ್ಲ. ಓದುವವರು ಇರುತ್ತಾರೆ.

ಈಗ ಅಚ್ಚಿನ ಕೆಲಸಕ್ಕೆ ಬರೋಣ. ಅಚ್ಚು ಎಂದರೆ ಹೆದರಬೇಡಿ. ಅಡುಗೆಮನೆಯಲ್ಲಿಯೇ ಒಳ್ಳೆಯ ಅಚ್ಚುಗಳಿವೆ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ಎಸಳಿರುವ ಹೂವಿನ ಹಾಗೆ ಇರುತ್ತದೆ. ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಹೂವು ಸಿದ್ಧ. ಉಳ್ಳಾಗಡ್ಡಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಒಂದರೊಳಗೆ ಒಂದು ಬಳೆ ಇಟ್ಟಂತೆ ಕಾಣುತ್ತದೆ. ಜೋಳದ ದಂಟಿನ ತುಂಡಿನಿಂದ ದುಂಡನೆಯ ಚುಕ್ಕೆ ಬರುತ್ತದೆ. ಇವುಗಳನ್ನು ಕೆತ್ತಬೇಕಾಗಿಲ್ಲ. ಕತ್ತರಿಸುವ ಕೆಲಸವನ್ನು ಮಾತ್ರ ಅವ್ವನಿಗೋ ಅಕ್ಕನಿಗೋ ಬಿಡಿ.

ಹಳೆಯ ರಬ್ಬರು ಇದ್ದರೆ ಇನ್ನೂ ಒಳ್ಳೆಯದು. ರೀಫಿಲ್ ಮುಗಿದ ಪೆನ್ನಿನ ತುದಿಯಿಂದ ಅದರ ಮೇಲೆ ಗಟ್ಟಿಯಾಗಿ ಒತ್ತಿ ಗೆರೆ ಕೊರೆಯಿರಿ. ಬಣ್ಣ ಹಚ್ಚಿ ಒತ್ತಿದಾಗ ಗೆರೆ ಇದ್ದ ಕಡೆ ಬಿಳಿಯಾಗಿ ಉಳಿಯುತ್ತದೆ, ಉಳಿದ ಕಡೆ ಬಣ್ಣ ಬರುತ್ತದೆ. ಎಲೆ, ಮೀನು, ಗಾಳಿಪಟ, ಎಲ್ಲ ಹೀಗೆ ಮಾಡಬಹುದು.

ಕಷ್ಟ ಬರುವುದು ಅಕ್ಷರಕ್ಕೆ. ನಿಮ್ಮ ಮುಖ್ಯಾಧ್ಯಾಪಕರ ಮೇಜಿನ ಮೇಲೆ ಶಾಲೆಯ ರಬ್ಬರು ಮೊಹರು ಇರುತ್ತದೆ. ಅವರ ಅಪ್ಪಣೆ ಪಡೆದು ಅದನ್ನು ತಿರುಗಿಸಿ ನೋಡಿ. ಅಕ್ಷರಗಳೆಲ್ಲ ಉಲ್ಟಾ! ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತವೆ. ಒತ್ತಿದಾಗ ಮಾತ್ರ ಸರಿಯಾಗಿ ಬರುತ್ತವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಸಿಂಧೂ ಕಣಿವೆಯ ಜನರು ಕಲ್ಲಿನಲ್ಲಿ ಮುದ್ರೆಗಳನ್ನು ಕೆತ್ತುತ್ತಿದ್ದರು ಎಂದು ಇತಿಹಾಸದಲ್ಲಿ ಓದುತ್ತೀರಿ. ಅವರೂ ಹೀಗೆಯೇ ತಿರುವಿ ಕೆತ್ತುತ್ತಿದ್ದರು. ಹಸಿ ಮಣ್ಣಿನ ಮೇಲೆ ಒತ್ತಿದಾಗ ನೆಟ್ಟಗೆ ಮೂಡುತ್ತಿತ್ತು.

ಇದು ತಿಳಿಯದೆ ನಾನು ಒಮ್ಮೆ ಕೆಟ್ಟೆ. ಐದನೆಯ ತರಗತಿಯಲ್ಲಿದ್ದಾಗ ಅರ್ಧ ಬಟಾಟೆಯ ಮೇಲೆ ಬಹಳ ಕಷ್ಟಪಟ್ಟು "ಶುಭ" ಎಂದು ಕೆತ್ತಿದೆ. ಕೆಂಪು ಬಣ್ಣ ಹಚ್ಚಿ ಕಾರ್ಡಿನ ಮೇಲೆ ಒತ್ತಿದೆ. ಎತ್ತಿ ನೋಡಿದರೆ ಭ ಮೊದಲು, ಶು ಆಮೇಲೆ. ಶುವಿನ ಕೊಂಬು ಬಲಕ್ಕೆ ಇರಬೇಕಾದದ್ದು ಎಡಕ್ಕೆ ಬಂದಿತ್ತು. ಇನ್ನೊಂದು ಡ್ರಾಯಿಂಗ್ ಹಾಳೆ ಇರಲಿಲ್ಲ. ಅಳು ಬಂತು. ಆದರೂ ಅದನ್ನೇ ಇಂಡಿಗೆ ಅತ್ತೆಯ ವಿಳಾಸಕ್ಕೆ ಹಾಕಿದೆ. ಹತ್ತು ದಿನದ ಮೇಲೆ ಅತ್ತೆಯಿಂದ ಅಂಚೆ ಕಾರ್ಡು ಬಂತು. "ಯಾವ ಭಾಷಾ ಬರದಿಯಪ್ಪಾ ಅಂತ ತಿಳೀಲಿಲ್ಲ. ಕನ್ನಡಿ ಮುಂದ ಹಿಡದೆ. ಆಗ ಓದಾಕ ಬಂತು. ಮುಂದಿನ ವರ್ಷ ಸೀದಾ ಬರಿ" ಎಂದು ಬರೆದಿದ್ದರು. ಮುಂದಿನ ವರ್ಷ ಸೀದಾ ಬರೆದೆ.

ಸೀದಾ ಬರುವಂತೆ ಮಾಡುವುದಕ್ಕೆ ಒಂದು ಸುಲಭ ದಾರಿ ಇದೆ. ತೆಳುವಾದ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಅಕ್ಷರವನ್ನು ದಪ್ಪವಾಗಿ ಬರೆಯಿರಿ. ಆ ಕಾಗದವನ್ನು ಬೋರಲಾಗಿ ರಟ್ಟಿನ ಮೇಲೆ ಇಡಿ. ಹಿಂಬದಿಯಿಂದ ಚಮಚದಿಂದ ಉಜ್ಜಿ. ಪೆನ್ಸಿಲಿನ ಗುರುತು ರಟ್ಟಿಗೆ ಇಳಿಯುತ್ತದೆ, ತಾನಾಗಿಯೇ ತಿರುವಿ ಬರುತ್ತದೆ.

ಇನ್ನು ಕೆತ್ತುವ ಮಾತು. ಕನ್ನಡದ ಅಕ್ಷರಗಳನ್ನು ಬಟಾಟೆಯಲ್ಲಾಗಲಿ ರಬ್ಬರಿನಲ್ಲಾಗಲಿ ಕೆತ್ತುವುದು ಕಷ್ಟ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೆಟ್ಟನೆಯ ಗೆರೆಗಳು ಹೆಚ್ಚು. ದೇವನಾಗರಿಯ ತಲೆಯ ಮೇಲೂ ನೆಟ್ಟನೆಯ ಗೆರೆ ಇದೆ. ನಮ್ಮ ಅಕ್ಷರಗಳು ದುಂಡು. ಬ್ಲೇಡು ದುಂಡಗೆ ತಿರುಗುವುದಿಲ್ಲ, ಬೆರಳು ಕೊಯ್ಯುತ್ತದೆ. ಹಾಗಾದರೆ ಕನ್ನಡಕ್ಕೆ ಅಚ್ಚು ಇಲ್ಲವೇ? ಇದೆ. ದುಂಡಗೆ ತಿರುಗುವ ವಸ್ತು ಯಾವುದು, ಯೋಚಿಸಿ. ದಾರ!

ದಪ್ಪನೆಯ ನೂಲಿನ ಹುರಿ ತೆಗೆದುಕೊಳ್ಳಿ. ಸೊಲ್ಲಾಪುರ ಚಾದರಕ್ಕೆ ಹೆಸರಾದ ಊರು. ಈ ಭಾಗದಲ್ಲಿ ನೂಲಿಗೆ ಬರವಿಲ್ಲ. ರಟ್ಟಿನ ಮೇಲೆ ಇಳಿದ ಅಕ್ಷರದ ಗೆರೆಗುಂಟ ಬಿಳಿ ಅಂಟು ಹಚ್ಚಿ. ಅದರ ಮೇಲೆ ಹುರಿಯನ್ನು ಬಾಗಿಸುತ್ತಾ ಕೂರಿಸಿ. ಬ್ಲೇಡಿಗೆ ಕಷ್ಟವಾಗುತ್ತಿದ್ದ ಅಕ್ಷರ ಹುರಿಗೆ ಆಟವಾಗುತ್ತದೆ. ಅನುಸ್ವಾರದ ಸೊನ್ನೆಯನ್ನು ಹುರಿಯಲ್ಲಿ ಮಾಡಿ ನೋಡಿ, ಎಷ್ಟು ಚೆಂದ ಕೂರುತ್ತದೆ! ಒಂದು ಎಚ್ಚರಿಕೆ ಮಾತ್ರ ಇರಲಿ. ಹುರಿಯ ಮೇಲೆ ಹುರಿ ಹಾಯಿಸಬೇಡಿ. ಹಾಯಿಸಿದರೆ ಅಲ್ಲಿ ಉಬ್ಬಾಗುತ್ತದೆ, ಒತ್ತಿದಾಗ ಉಬ್ಬು ಮಾತ್ರ ಮೂಡಿ ಉಳಿದ ಭಾಗ ಮೂಡುವುದಿಲ್ಲ. ಗೆರೆ ಕೂಡುವ ಕಡೆ ಹುರಿಯನ್ನು ಕತ್ತರಿಸಿ, ಪಕ್ಕದಲ್ಲಿ ಮತ್ತೆ ಹಚ್ಚಿ. ಒಂದು ರಾತ್ರಿ ಒಣಗಲು ಬಿಡಿ.

ಮೊದಲ ಸಲಕ್ಕೆ ಒಂದೇ ಅಕ್ಷರ ಸಾಕು. ಅಜ್ಜಿಯ ಹೆಸರಿನ ಮೊದಲ ಅಕ್ಷರವನ್ನು ಆರಿಸಿಕೊಳ್ಳಿ. ಉಳಿದದ್ದನ್ನು ಪೆನ್ನಿನಿಂದ ಬರೆಯಬಹುದು. ಕೈ ಪಳಗಿದ ಮೇಲೆ "ಎಳ್ಳು" ಎಂಬ ಮಾತಿಗೆ ಕೈ ಹಾಕಿ. ಅದರಲ್ಲಿ ಒತ್ತಕ್ಷರ ಇದೆ. ಕಾಗದದ ಮೇಲೆ ಬಲಗಡೆ ಕೆಳಗೆ ಇರುವ ಒತ್ತು, ಅಚ್ಚಿನಲ್ಲಿ ಎಡಗಡೆ ಕೆಳಗೆ ಇರಬೇಕು. ಇದನ್ನು ತಲೆಯಲ್ಲಿ ತಿರುಗಿಸಿ ನೋಡುವುದೇ ಒಂದು ಒಳ್ಳೆಯ ಲೆಕ್ಕ. ಗಣಿತದಲ್ಲಿ ಸಮಮಿತಿ ಎಂಬ ಪಾಠ ಬರುತ್ತದಲ್ಲ, ಅದು ಇಲ್ಲಿ ಕೈಯಲ್ಲೇ ಸಿಗುತ್ತದೆ.

ಅಚ್ಚು ಒತ್ತುವಾಗ ಬಣ್ಣ ಗಟ್ಟಿಯಾಗಿರಲಿ. ನೀರು ಹೆಚ್ಚಾದರೆ ಅಕ್ಷರ ಹರಡುತ್ತದೆ. ಬಟಾಟೆಯ ಅಚ್ಚಾದರೆ ಮೊದಲು ಬಟ್ಟೆಯಿಂದ ಒರೆಸಿ, ಅದರ ಒಳಗೂ ನೀರಿದೆ. ತಟ್ಟೆಯಲ್ಲಿ ಒದ್ದೆ ಸ್ಪಂಜು ಇಟ್ಟು ಅದರ ಮೇಲೆ ಬಣ್ಣ ಸವರಿದರೆ ಮನೆಯಲ್ಲೇ ಒಂದು ಸ್ಟ್ಯಾಂಪ್ ಪ್ಯಾಡು ಆಗುತ್ತದೆ. ಒಮ್ಮೆ ನೇರವಾಗಿ ಒತ್ತಿ, ನೇರವಾಗಿ ಎತ್ತಿ. ಅಲುಗಾಡಿಸಬೇಡಿ. ಕಾರ್ಡಿನ ಮೇಲೆ ಒತ್ತುವ ಮೊದಲು ರದ್ದಿ ಕಾಗದದ ಮೇಲೆ ಒತ್ತಿ ನೋಡಿ. ನಾನು ನೋಡಿರಲಿಲ್ಲ, ಅದಕ್ಕೇ ಅತ್ತೆ ಕನ್ನಡಿ ಹುಡುಕಬೇಕಾಯಿತು.

ಅಚ್ಚಿನ ಹಿಂದೆ ಬಣ್ಣದ ನೆಲ ಬೇಕು. ಇದಕ್ಕೆ ಜಲವರ್ಣದಷ್ಟು ಒಳ್ಳೆಯದು ಬೇರೆ ಇಲ್ಲ ಎಂಬುದು ನನ್ನ ಮತ. ಏಕೆಂದರೆ ಅದರಲ್ಲಿ ಅರ್ಧ ಕೆಲಸವನ್ನು ನೀರೇ ಮಾಡುತ್ತದೆ. "ನನಗೆ ಚಿತ್ರ ಬರುವುದಿಲ್ಲ" ಎನ್ನುವ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ದಪ್ಪನೆಯ ಡ್ರಾಯಿಂಗ್ ಹಾಳೆಯನ್ನು ಮಧ್ಯಕ್ಕೆ ಮಡಚಿ. ಮೇಲ್ಮೈಗೆ ಕುಂಚದಿಂದ ಬರೀ ನೀರು ಹಚ್ಚಿ. ಆ ಒದ್ದೆಯ ಮೇಲೆ ಕುಂಚದ ತುದಿಯಿಂದ ಹಳದಿ ಮುಟ್ಟಿಸಿ, ಸ್ವಲ್ಪ ಕೆಳಗೆ ಕೇಸರಿ ಮುಟ್ಟಿಸಿ. ಆಮೇಲೆ ಕೈ ಕಟ್ಟಿ ಕುಳಿತು ನೋಡಿ. ಎರಡೂ ಬಣ್ಣ ತಾವೇ ಹರಿದು ಕೂಡಿಕೊಳ್ಳುತ್ತವೆ. ಬೆಳಗಿನ ಆಕಾಶ ಬಂತು! ಸಂಕ್ರಾಂತಿ ಸೂರ್ಯನ ಹಬ್ಬ ತಾನೇ?

ಬಣ್ಣ ಇನ್ನೂ ಹೊಳೆಯುತ್ತಿರುವಾಗ ಅದರ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ. ಉಪ್ಪಿನ ಹರಳು ಸುತ್ತಲಿನ ನೀರನ್ನು ಹೀರುತ್ತದೆ. ನೀರಿನ ಜೊತೆ ಬಣ್ಣವೂ ಸರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಉಪ್ಪನ್ನು ಕೊಡವಿದರೆ ಅಲ್ಲಲ್ಲಿ ಬಿಳಿಯ ನಕ್ಷತ್ರಗಳಂಥ ಗುರುತು ಕಾಣುತ್ತವೆ. ನನಗಂತೂ ಅವು ಕುಸುರೆಳ್ಳಿನ ಹಾಗೆಯೇ ಕಾಣುತ್ತವೆ, ಅದೇ ಸಣ್ಣ ಸಣ್ಣ ಮುಳ್ಳು! ಯಾವ ಅಂಗಡಿಯ ಕಾರ್ಡಿನಲ್ಲೂ ಉಪ್ಪು ಬರೆದ ಚಿತ್ರ ಇರುವುದಿಲ್ಲ.

ಇನ್ನೊಂದು ಆಟ ಮೇಣದ ಬತ್ತಿಯದು. ಬಿಳಿಯ ಹಾಳೆಯ ಮೇಲೆ ಬಿಳಿಯ ಮೇಣದ ಬತ್ತಿಯಿಂದ ಒತ್ತಿ ಬರೆಯಿರಿ. ಏನೂ ಕಾಣುವುದಿಲ್ಲ. ಮೇಲೆ ತೆಳುವಾದ ನೀಲಿ ಬಣ್ಣ ಹಚ್ಚಿದರೆ ಮೇಣಕ್ಕೆ ನೀರು ಹತ್ತದೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಮಾವನ ಮಗನಿಗೆ ಬಣ್ಣ ಹಚ್ಚದ ಖಾಲಿ ಕಾರ್ಡೇ ಕಳುಹಿಸಿ, "ಇದಕ್ಕೆ ನೀಲಿ ಬಣ್ಣ ಹಚ್ಚು" ಎಂದು ಮೂಲೆಯಲ್ಲಿ ಬರೆದರೆ ಹೇಗಿರುತ್ತದೆ?

ನೆಲದ ಬಣ್ಣ ಒಣಗಿದ ಮೇಲೆಯೇ ಅಚ್ಚು ಒತ್ತಬೇಕು. ಇಷ್ಟು ಕಾಯುವುದು ಕಷ್ಟ, ನನಗೆ ಗೊತ್ತು. ಹಾಳೆ ಸುರುಟಿಕೊಂಡರೆ ಒಣಗಿದ ನಂತರ ದಪ್ಪನೆಯ ಪುಸ್ತಕದ ಕೆಳಗೆ ಇಡಿ.

ಏನು ಚಿತ್ರ ಮಾಡಬೇಕು? ಇಲ್ಲಿ ನನ್ನದೊಂದು ದೂರು ಇದೆ. ಒಮ್ಮೆ ಒಂದು ಶಾಲೆಯ ಪ್ರದರ್ಶನದಲ್ಲಿ ಮಕ್ಕಳು ಮಾಡಿದ ಕಾರ್ಡುಗಳನ್ನು ನೋಡಿದೆ. ಸಾಲಾಗಿ ಅಂಟಿಸಿದ್ದರು. ಎಲ್ಲದರಲ್ಲೂ ಅದೇ ಗುಲಾಬಿ, ಅದೇ ಎರಡು ಎಲೆ, ಅದೇ ಮೂಲೆಯಲ್ಲಿ ಅದೇ ಇಂಗ್ಲಿಷ್ ಮಾತು. ಗುರುಗಳು ಹಲಗೆಯ ಮೇಲೆ ಬರೆದದ್ದನ್ನು ಎಲ್ಲರೂ ನಕಲು ಮಾಡಿದ್ದರು. ಅದು ಕೈಯಿಂದ ಮಾಡಿದ ಕಾರ್ಡೇ ಆದರೂ ಅಂಗಡಿಯ ಕಾರ್ಡಿಗಿಂತ ಬೇರೆ ಆಗಿರಲಿಲ್ಲ. ಹೆಸರು ಮುಚ್ಚಿದರೆ ಯಾರದ್ದು ಯಾವುದು ಎಂದು ಮಾಡಿದವರಿಗೇ ತಿಳಿಯುತ್ತಿರಲಿಲ್ಲ. ಈ ಮಾತನ್ನು ನಿಮ್ಮ ಗುರುಗಳೂ ಓದಲಿ.

ಸಂಕ್ರಾಂತಿಯ ಹೊತ್ತಿಗೆ ನಿಮ್ಮ ಹೊಲದಲ್ಲಿ ಏನಿರುತ್ತದೆ? ಹಿಂಗಾರಿ ಜೋಳ ತೆನೆ ಹಾಕಿ ನಿಂತಿರುತ್ತದೆ. ಕಿರುಬೆರಳಿನ ತುದಿಯನ್ನು ಹಳದಿ ಬಣ್ಣದಲ್ಲಿ ಅದ್ದಿ ಒತ್ತೊತ್ತಾಗಿ ಚುಕ್ಕೆ ಇಡಿ, ಮೇಲೆ ಚೂಪು, ನಡುವೆ ಅಗಲ. ತೆನೆ ಬಂತು. ಹತ್ತಿರದಿಂದ ನೋಡಿದರೆ ಒಂದೊಂದು ಕಾಳಿನಲ್ಲೂ ನಿಮ್ಮ ಬೆರಳ ಗೆರೆಗಳಿರುತ್ತವೆ. ಅಂಥ ಗೆರೆ ಬೇರೆ ಯಾರಿಗೂ ಇಲ್ಲ. ಸೊಲ್ಲಾಪುರದ ಮಕ್ಕಳು ಜಾತ್ರೆಯ ನಂದಿಕೋಲುಗಳನ್ನು ಬರೆಯಬಹುದು. 12ನೆಯ ಶತಮಾನದಲ್ಲಿ ಕನ್ನಡದಲ್ಲಿ ವಚನ ಬರೆದ ಸಿದ್ಧರಾಮೇಶ್ವರರ ಜಾತ್ರೆ ಅದು. ಸಂಕ್ರಾಂತಿಯ ಹೊತ್ತಿಗೇ ನಡೆಯುತ್ತದೆ. ಏಳು ನಂದಿಕೋಲುಗಳಿಗೆ ಏಳು ಉದ್ದನೆಯ ಗೆರೆ, ತುದಿಗೆ ಅಲಂಕಾರ, ಕೆಳಗೆ ಬೆರಳಚ್ಚಿನ ಜನ. ಜನರೆಲ್ಲ ಬೆರಳಚ್ಚೇ ಆದರೆ ಗದ್ದಲ ಎಷ್ಟು ಬೇಕಾದರೂ ತುಂಬಬಹುದು!

ಮರಾಠಿ ಮಾತಾಡುವ ಗೆಳತಿಗೆ ಕಾರ್ಡು ಕೊಡುವಾಗ ಅವಳ ಹೆಸರನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆಯಿರಿ. ತನ್ನ ಹೆಸರು ಕನ್ನಡದಲ್ಲಿ ಹೇಗೆ ಕಾಣುತ್ತದೆ ಎಂದು ಅವಳು ನೋಡಿರಲಿಕ್ಕಿಲ್ಲ.

ಕಾರ್ಡು ಸಿದ್ಧವಾಯಿತು, ಇನ್ನು ಅಂಚೆಗೆ ಹಾಕಬೇಕು. ಇಲ್ಲಿ ಸ್ವಲ್ಪ ಬುದ್ಧಿ ಉಪಯೋಗಿಸಿ. ಒಳಗೆ ಅಜ್ಜಿಗೆ ಓದಲು ಬರುವ ಅಕ್ಷರ ಇರಬೇಕು, ಹೊರಗೆ ಅಂಚೆಯವರಿಗೆ ಓದಲು ಬರುವ ಅಕ್ಷರ ಇರಬೇಕು. ನಿಮ್ಮ ಊರಿನಲ್ಲಿ ಪತ್ರಗಳನ್ನು ಬೇರ್ಪಡಿಸುವವರಿಗೆ ಕನ್ನಡ ಬಾರದೆ ಇರಬಹುದು. ಆಳಂದದಲ್ಲಿ ಮನೆಗೆ ತಲುಪಿಸುವವರಿಗೆ ಕನ್ನಡ ಬರುತ್ತದೆ. ಆದ್ದರಿಂದ ವಿಳಾಸವನ್ನು ಕನ್ನಡದಲ್ಲಿ ಬರೆದು, ಊರು ಮತ್ತು ಜಿಲ್ಲೆಯ ಹೆಸರನ್ನು ಮರಾಠಿ ಅಥವಾ ಇಂಗ್ಲಿಷಿನಲ್ಲೂ ಬರೆಯಿರಿ. ಪಿನ್ ಕೋಡನ್ನು ಮರೆಯಬೇಡಿ. ಯಾವ ಭಾಷೆಯವರಿಗೂ ತಿಳಿಯಲಿ ಎಂದೇ ಈ ಆರು ಅಂಕೆಗಳ ಏರ್ಪಾಡನ್ನು 1972ರ ಆಗಸ್ಟ್ 15ರಂದು ತಂದರು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ. ನಮ್ಮ ದೇಶದಲ್ಲಿ ಒಂದೇ ಹೆಸರಿನ ಊರುಗಳು ಎಷ್ಟೋ ಇವೆ, ಅಂಕೆ ಮಾತ್ರ ಬೇರೆ. ಸೊಲ್ಲಾಪುರದ್ದು 413001, ಅಕ್ಕಲಕೋಟೆಯದು 413216, ಜತ್ತದ್ದು 416404. ಗಡಿ ದಾಟಿ ವಿಜಯಪುರಕ್ಕೆ ಹೋದರೆ 586101, ಕಲಬುರಗಿಗೆ ಹೋದರೆ 585101. ಮೊದಲ ಅಂಕೆಯನ್ನು ನೋಡಿ. ಈ ಕಡೆಯವು 4, ಆ ಕಡೆಯವು 5. ನಿಮ್ಮ ಕಾರ್ಡು ನಾಲ್ಕರಿಂದ ಐದಕ್ಕೆ ಹೋಗುತ್ತದೆ.

"ಇಷ್ಟೆಲ್ಲ ಮಾಡಿದರೆ ಅಭ್ಯಾಸಕ್ಕೆ ಹೊತ್ತು ಎಲ್ಲಿ?" ಎಂದು ಮನೆಯಲ್ಲಿ ಕೇಳಬಹುದು. ವರ್ಷದಲ್ಲಿ ಒಂದು ಭಾನುವಾರ ಎಂದು ಹೇಳಿ. ಅವ್ವ ಅಪ್ಪ ಒಪ್ಪದಿದ್ದರೆ ಅವರ ಕೈಗೂ ಒಂದು ಬೆಂಡೆಕಾಯಿ ಕೊಟ್ಟು ನೋಡಿ.

ಡ್ರಾಯಿಂಗ್ ಹಾಳೆ, ಲಕೋಟೆ ಎಂದು ಖರ್ಚು ಮಾಡಲು ಆಗದವರಿಗೆ ಅಂಚೆ ಕಾರ್ಡು ಇದೆ. 1879ರಲ್ಲಿ ಅದು ನಮ್ಮ ದೇಶಕ್ಕೆ ಬಂದಾಗ ಬೆಲೆ ಕಾಲಾಣೆ ಇತ್ತು. ಅದರ ಒಂದು ಬದಿ ಪೂರ್ತಿ ಖಾಲಿ. ನೀರು ಕಡಿಮೆ ಮಾಡಿ ಅಲ್ಲಿಯೇ ಬೆರಳಚ್ಚಿನ ತೆನೆ ಮೂಡಿಸಬಹುದು, ಕೆಳಗೆ ಎರಡು ಸಾಲು ಬರೆಯಬಹುದು. ವಿಳಾಸದ ಬದಿಗೆ ಬಣ್ಣ ತಾಗಬಾರದು, ಅಷ್ಟೇ.

ಸಂಕ್ರಾಂತಿ ಜನವರಿ 14ಕ್ಕೆ, ಕೆಲವು ವರ್ಷ 15ಕ್ಕೆ ಬರುತ್ತದೆ. ಕಾರ್ಡನ್ನು ಹತ್ತು ದಿನ ಮೊದಲೇ ಡಬ್ಬಿಗೆ ಹಾಕಿ. ಹಾಕುವ ಮುನ್ನ ಬೆರಳಿನಿಂದ ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿ. ಬೆರಳಿಗೆ ಬಣ್ಣ ಹತ್ತಿದರೆ ಇನ್ನೊಂದು ದಿನ ಒಣಗಲಿ. ಉಪ್ಪು ಹಾಕಿದ ಕಾರ್ಡು ಸ್ವಲ್ಪ ತಡವಾಗಿ ಒಣಗುತ್ತದೆ.